ಮಕ್ಕಳೊಡನೆ ಒಂದು ಹಗಲು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯ ಅಂಗಳದಲ್ಲಿ ನಾನು ಅಕ್ಷರ ಕಲಿತೆ. ಮುಂದೆ ಇದೇ ಅಂಗಳದಲ್ಲಿ ಇಪ್ಪತ್ತೆರಡು ವರ್ಷ ಅಕ್ಷರ ಕಲಿಸಿದೆ. ಈಗ ನಿವೃತ್ತಳು. ನಿವೃತ್ತರಾದವರನ್ನು ಇಂಥ ಸಮಾರಂಭಗಳಿಗೆ ಕರೆದರೆ ಅವರು ಹಳೆಯ ದಿನಗಳನ್ನು ಹೊಗಳಿ, ಹೊಸ ದಿನಗಳನ್ನು ತೆಗಳಿ ಕುಳಿತುಕೊಳ್ಳುತ್ತಾರೆ ಎಂಬ ಅಂಜಿಕೆ ಸಮಿತಿಯವರಿಗೂ ಇದ್ದಿರಬಹುದು. ಆದ್ದರಿಂದಲೇ ಇರಬೇಕು, 'ಮಕ್ಕಳ ವಿಕಾಸದಲ್ಲಿ ಕುಟುಂಬದ ಪಾತ್ರ' ಎಂಬ ವಿಷಯವನ್ನು ಅವರೇ ಗೊತ್ತುಮಾಡಿ ಕೊಟ್ಟರು. ವಿಷಯ ದೊಡ್ಡದು. ನಾನು ಅದರ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದು ಮಾತನಾಡುತ್ತೇನೆ. ಮನೆಯವರು ಮಕ್ಕಳನ್ನು ಕರೆದುಕೊಂಡು ಒಂದು ಹಗಲು ಮನೆಯಿಂದ ಹೊರಗೆ ಹೋಗಿಬರುವುದು, ಅಷ್ಟೇ ನನ್ನ ವಿಷಯ.

ಈ ವಿಷಯ ನನ್ನ ಮನಸ್ಸಿಗೆ ಬಂದುದು ಒಂದು ಮಗುವಿನ ಬರಹದಿಂದ. ಶತಮಾನೋತ್ಸವದ ನಿಮಿತ್ತ ನಡೆಸಿದ ಪ್ರಬಂಧ ಸ್ಪರ್ಧೆಯ ಹಾಳೆಗಳನ್ನು ನೋಡಿಕೊಡಬೇಕೆಂದು ಗುರುಗಳು ನನ್ನಲ್ಲಿಗೆ ಕಳುಹಿಸಿದ್ದರು. 'ನಾನು ಕಂಡ ಒಂದು ಸ್ಥಳ' ಎಂಬುದು ಪ್ರಬಂಧದ ಶೀರ್ಷಿಕೆ. ಒಬ್ಬರು ಹೈದರಾಬಾದಿನ ಪ್ರಾಣಿಸಂಗ್ರಹಾಲಯವನ್ನು, ಇನ್ನೊಬ್ಬರು ಹುಸೇನ್ ಸಾಗರದ ಬುದ್ಧನನ್ನು, ಕೆಲವರು ಜೂರಾಲ ಅಣೆಕಟ್ಟನ್ನು, ಒಬ್ಬ ಹುಡುಗ ಬೆಂಗಳೂರಿನ ಲಾಲ್‌ಬಾಗನ್ನು ಬಣ್ಣಿಸಿದ್ದರು. ಒಂದು ಹಾಳೆಯಲ್ಲಿ ಮೂರೇ ವಾಕ್ಯಗಳಿದ್ದವು: ನಾನು ಯಾವ ಸ್ಥಳವನ್ನೂ ನೋಡಿಲ್ಲ. ನಮ್ಮ ಅಪ್ಪ ಅವ್ವ ಪುಣೆಯಲ್ಲಿ ಇದ್ದಾರೆ. ಬಂದಾಗ ಕರೆದುಕೊಂಡು ಹೋಗುತ್ತೇವೆ ಎಂದಿದ್ದಾರೆ.

ಅಂಕ ಕೊಡಲು ಕೈ ಬರಲಿಲ್ಲ. ಹಾಳೆಯನ್ನು ಬದಿಗಿಟ್ಟೆ. ಆ ಹಾಳೆಗೆ ಮತ್ತೆ ಬರುತ್ತೇನೆ. ಮೊದಲು ನನ್ನ ಮನೆಯ ಮಾತು.

ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಗುಣಿಮಗ್ಗ. ಅಪ್ಪ ನಸುಕಿಗೆ ಮಗ್ಗದ ಗುಣಿಯಲ್ಲಿ ಇಳಿದರೆ ಕತ್ತಲಾಗುವವರೆಗೂ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ. ಅವ್ವ ನೂಲು ಸುತ್ತುವಳು, ಅಕ್ಕ ಕಂಡಿಕೆ ಸುತ್ತುವಳು, ನಾನು ಕಂಡಿಕೆ ಎತ್ತಿಕೊಡುವವಳು. ನಾರಾಯಣಪೇಟೆಯ ಸೀರೆ ಇಂದು ದೇಶದ ದೊಡ್ಡ ಅಂಗಡಿಗಳಲ್ಲಿ ತೂಗಾಡುತ್ತದೆ. ಆದರೆ ಅಂದು ಒಂದು ದಿನ ಮಗ್ಗ ನಿಂತಿತೆಂದರೆ ಆ ದಿನದ ಕೂಲಿ ಇಲ್ಲ ಎಂಬುದು ಮನೆಯ ಚಿಕ್ಕ ಮಕ್ಕಳಿಗೂ ತಿಳಿದಿತ್ತು. ಇಂಥ ಮನೆಯಲ್ಲಿ ವಿಹಾರ ಎಂಬ ಮಾತಿಗೆ ಎಡೆಯೆಲ್ಲಿ?

ಆದರೂ ವರುಷದಲ್ಲಿ ಕೆಲವು ದಿನ ಮಗ್ಗ ನಿಲ್ಲುತ್ತಿತ್ತು. ಎಳ್ಳ ಅಮಾವಾಸ್ಯೆಗೆ ಸೋದರಮಾವನ ಹೊಲಕ್ಕೆ ಹೋಗುತ್ತಿದ್ದೆವು. ಸಜ್ಜೆಯ ರೊಟ್ಟಿ, ಹತ್ತಾರು ಕಾಯಿಪಲ್ಯೆ ಕಾಳು ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಶೇಂಗಾದ ಹಿಂಡಿ ಇವನ್ನೆಲ್ಲ ಬುಟ್ಟಿಯಲ್ಲಿ ಇಟ್ಟುಕೊಂಡು, ಬಂಡಿ ಕಟ್ಟಿ, ನಿಂತ ಜೋಳದ ನಡುವೆ ಚರಗ ಚೆಲ್ಲಿ, ಬನ್ನಿಯ ನೆರಳಲ್ಲಿ ಕುಳಿತು ಉಣ್ಣುತ್ತಿದ್ದೆವು. ಸಂಕ್ರಾಂತಿಗೆ ಕೃಷ್ಣೆಯ ದಂಡೆ. ಕಾರ್ತಿಕದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ. ತೆಲುಗು ಮನೆಗಳವರೂ ಕನ್ನಡದ ಮನೆಗಳವರೂ ಒಂದೇ ತೋಪಿನಲ್ಲಿ ಒಲೆ ಹೂಡುತ್ತಿದ್ದರು. ದಸರೆಯ ಸಂಜೆ ಊರಿಗೆ ಊರೇ ಎಲ್ಲೆ ದಾಟಿ ಬನ್ನಿಯ ಮರದವರೆಗೆ ನಡೆಯುತ್ತಿತ್ತು.

ಇವನ್ನೆಲ್ಲ ನಾವು ಹಬ್ಬ ಎಂದು ಮಾತ್ರ ಕರೆದೆವು. ಯೋಚಿಸಿ ನೋಡಿದರೆ ಹಿರಿಯರು ಕಟ್ಟಿಕೊಟ್ಟ ಹೊರಸಂಚಾರದ ವೇಳಾಪಟ್ಟಿಯೇ ಇದು. ದುಡಿಯುವ ಮನೆಗೆ ತಾನಾಗಿ ಬಿಡುವು ಸಿಗುವುದಿಲ್ಲವೆಂದು ತಿಳಿದವರು ಬಿಡುವನ್ನು ಪಂಚಾಂಗದಲ್ಲೇ ಸೇರಿಸಿದರು. ಮಕ್ಕಳು ಹೊಲವನ್ನು ಮಾಗಿಯಲ್ಲಿಯೂ, ಹೊಳೆಯನ್ನು ಸಂಕ್ರಮಣದಲ್ಲಿಯೂ, ತೋಪನ್ನು ಕಾರ್ತಿಕದಲ್ಲಿಯೂ ತಾಯಿತಂದೆಯರ ಜೊತೆಗೆ ನೋಡಲೇಬೇಕೆಂದು ಕಟ್ಟುಮಾಡಿದರು.

ನನಗೆ ಎಂಟೋ ಒಂಬತ್ತೋ ವರುಷವಿದ್ದಾಗ ಅಪ್ಪ ಒಂದು ಅಮಾವಾಸ್ಯೆಯ ದಿನ, ಹಬ್ಬವಿಲ್ಲದಿದ್ದರೂ, ನಮ್ಮನ್ನೆಲ್ಲ ಬಸ್ಸಿನಲ್ಲಿ ಮಹಬೂಬನಗರಕ್ಕೆ ಕರೆದುಕೊಂಡು ಹೋದರು. ಸೀರೆ ಒಪ್ಪಿಸುವ ಕೆಲಸ ಮುಗಿಸಿ, ಊರ ಹೊರಗಿನ ಪಿಲ್ಲಲಮರ್ರಿಗೆ ಹೋದೆವು. ತೆಲುಗಿನಲ್ಲಿ ಪಿಲ್ಲಲು ಎಂದರೆ ಮಕ್ಕಳು, ಮರ್ರಿ ಎಂದರೆ ಆಲ. ಬಿಳಲುಗಳು ಇಳಿದು, ನೆಲ ಹಿಡಿದು, ಒಂದೊಂದೂ ಮರವಾಗಿ, ಮೂರು ಎಕರೆಗೂ ಮಿಕ್ಕಿ ಹರಡಿದ ಮಹಾವೃಕ್ಷ ಅದು. ಅದಕ್ಕೆ ಏಳುನೂರು ವರುಷ ಎನ್ನುತ್ತಾರೆ. 'ತಾಯಿಬೊಡ್ಡೆ ಯಾವುದಪ್ಪಾ?' ಎಂದು ಕೇಳಿದೆ. ಅಪ್ಪ ಸುತ್ತಲೂ ನೋಡಿ, 'ಮಕ್ಕಳೆಲ್ಲಾ ಒಂದೇ ಎತ್ತರ ಆಗ್ಯಾವ, ಗುರ್ತು ಹತ್ತವಲ್ದು' ಎಂದರು. ಮಗ್ಗದ ಮುಂದೆ ದಿನಕ್ಕೆ ಹತ್ತು ಮಾತು ಆಡದ ಮನುಷ್ಯ ಅಂದು ಆ ನೆರಳಿನಲ್ಲಿ ಕುಳಿತು, ತಾವು ಚಿಕ್ಕವರಿದ್ದಾಗ ಅಜ್ಜನ ಹೆಗಲ ಮೇಲೆ ಕುಳಿತು ಸಂತೆಗೆ ಹೋದುದನ್ನು, ನೇಯ್ಗೆ ಕಲಿಯುವಾಗ ಎಳೆ ಹರಿದುಕೊಂಡು ಅತ್ತುದನ್ನು ಹೇಳಿದರು. ಅಪ್ಪನಿಗೂ ಬಾಲ್ಯವೊಂದಿತ್ತು ಎಂಬುದು ನನಗೆ ತಿಳಿದದ್ದು ಆ ದಿನ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅಂದು ನಾನು ಒಂದು ಚೂಪುಗಲ್ಲು ಹುಡುಕಿ ಆ ಮರದ ಒಂದು ಬಿಳಲಿನ ಮೇಲೆ ನನ್ನ ಹೆಸರನ್ನು ಕೆತ್ತಿದೆ. ಹೊಸದಾಗಿ ಅಕ್ಷರ ಕಲಿತ ಸಂಭ್ರಮ. ಯಾರೂ ಬೇಡವೆನ್ನಲಿಲ್ಲ. ಅಲ್ಲಿ ನೂರಾರು ಹೆಸರುಗಳು ಮೊದಲೇ ಇದ್ದವು. 2017ರ ಡಿಸೆಂಬರಿನಲ್ಲಿ ಗೆದ್ದಲು ತಿಂದು ಟೊಳ್ಳಾದ ದೊಡ್ಡ ಕೊಂಬೆಯೊಂದು ಬಿದ್ದಿತು. ಜನರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಮರುವರ್ಷ ಆಸ್ಪತ್ರೆಯ ರೋಗಿಗೆ ಸಲೈನ್ ಏರಿಸುವಂತೆ ಮರದ ಮೈಗೆ ಬಾಟಲಿಗಳನ್ನು ಕಟ್ಟಿ ಔಷಧವನ್ನು ಹನಿಹನಿಯಾಗಿ ಇಳಿಸಿದ ಚಿತ್ರವನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಆ ಚಿತ್ರ ನೋಡಿದಾಗ ನನ್ನ ಕೈಯಲ್ಲಿದ್ದ ಕಲ್ಲು ನೆನಪಿಗೆ ಬಂದಿತು. ಒಂದು ಹೆಸರಿನಿಂದ ಮರ ಸಾಯಲಾರದು, ನಿಜ. ಆದರೆ ಮಕ್ಕಳನ್ನು ಮರದ ಬಳಿಗೆ ಕರೆದೊಯ್ಯುವ ಹಿರಿಯರು ಮರದ ಪರವಾಗಿ ಒಂದು ಮಾತನ್ನೂ ಆಡಬೇಕಾಗುತ್ತದೆ.

ಇನ್ನು ಶಾಲೆಯ ಮಾತು. ನಾವು ಮೇಲಿನ ತರಗತಿಗೆ ಬಂದ ವರುಷ ಮಾಸ್ತರರು ನಮ್ಮನ್ನು ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ದರು. ಮೊದಲು ನಿಜಾಮರ ಕಾಲದ ಬಾಗ್-ಎ-ಆಮ್ ಉದ್ಯಾನದಲ್ಲಿದ್ದ ಪ್ರಾಣಿಗಳಿಗೆ ಮೀರ್ ಆಲಂ ಕೆರೆಯ ಮಗ್ಗುಲಲ್ಲಿ ಸುಮಾರು 380 ಎಕರೆಯ ಹೊಸ ನೆಲೆಯಾಗಿ, 1963ರ ಅಕ್ಟೋಬರ್ 6ರಂದು ಅದು ಜನರಿಗೆ ತೆರೆಯಿತು. ಕಬ್ಬಿಣದ ಪಂಜರಕ್ಕೆ ಬದಲಾಗಿ ಕಂದಕದ ಆಚೆಗೆ ಬಯಲಿನಲ್ಲಿ ಸಿಂಹವನ್ನು ನೋಡಿದ್ದು ನಮಗೆ ದೊಡ್ಡ ಸೋಜಿಗ. ಅಲ್ಲಿ ಹಲಗೆಗಳ ಮೇಲೆ ತೆಲುಗಿತ್ತು, ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ. ಇರಬೇಕೆಂದು ಕೇಳುವುದೂ ಸಲ್ಲದು. ಅದು ಆ ನಾಡಿನ ರಾಜಧಾನಿ. ಮಾಸ್ತರರು ಒಂದು ಉಪಾಯ ಮಾಡಿದರು. ಪ್ರತಿಯೊಬ್ಬರ ಕೈಗೂ ಒಂದು ಹಾಳೆ, ಪೆನ್ಸಿಲು ಕೊಟ್ಟು, ಕಂಡ ಪ್ರಾಣಿಯ ಕನ್ನಡದ ಹೆಸರನ್ನು ಬರೆಯಿರಿ ಎಂದರು. ನೀರ್ಗುದುರೆ, ಮುಳ್ಳುಹಂದಿ, ಕಾಡುಪಾಪ, ಕತ್ತೆಕಿರುಬ, ಹೆಬ್ಬಾವು. ಗೊತ್ತಿಲ್ಲದ ಕಡೆ ನಾವೇ ಹೆಸರು ಕಟ್ಟಿದೆವು. ಜಿರಾಫೆಗೆ ನನ್ನ ಗೆಳತಿ 'ಉದ್ದಗೋಣಿನ ಚಿಗರಿ' ಎಂದು ಬರೆದಳು. ಮಾಸ್ತರರು ಅದನ್ನು ತಿದ್ದಲಿಲ್ಲ, ನಕ್ಕು ಸಹಿ ಹಾಕಿದರು. ಆ ಹಾಳೆ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಈ ಪ್ರಸಂಗವನ್ನು ಏಕೆ ಹೇಳಿದೆನೆಂದರೆ, ನಮ್ಮ ಕನ್ನಡದ ಸ್ಥಿತಿ ನಿಮಗೆ ತಿಳಿಯದ್ದಲ್ಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲ ಮೊದಲಿನಿಂದಲೂ ಮಹಬೂಬನಗರದವು. 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಎಲ್ಲೆಗಳು ಹೀಗೆ ಹಲವು ಸಲ ಸರಿದರೂ ನಮ್ಮ ಮನೆಗಳ ಒಳಗಿನ ಮಾತು ಸರಿಯಲಿಲ್ಲ. ಈಗ ಸರಿಯುತ್ತಿದೆ. ಅದಕ್ಕೆ ಕಾರಣ ತೆಲುಗಲ್ಲ. ತೆಲುಗು ನಮ್ಮ ನೆರೆಮನೆಯ ತಾಯಿ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ನನ್ನ ಅಳಲು ಬೇರೆಯದು. ಪಾಠದ ಕನ್ನಡ ಮಗುವಿಗೆ ಪುಸ್ತಕದಲ್ಲಿ ಸಿಗುತ್ತದೆ. ಮರಕ್ಕೆ, ಹಕ್ಕಿಗೆ, ಗಾಳಿಗೆ, ಮಣ್ಣಿನ ಬಗೆಗೆ, ನೀರಿನ ಸುಳಿಗೆ ಇರುವ ಕನ್ನಡವನ್ನು ಶಾಲೆ ಒಂದೇ ಕಲಿಸಲಾರದು. ಅದನ್ನು ಅಪ್ಪ ಅವ್ವ ಬೆರಳು ತೋರಿಸಿ ಹೇಳಬೇಕು. ಬೆರಳು ತೋರಿಸಲು ಮನೆಯಿಂದ ಹೊರಗೆ ಬರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ತಂತಿಯ ಮೇಲೆ ಸುಮ್ಮನೆ ಕುಳಿತು, ಹಾರಿದಾಗ ರೆಕ್ಕೆಯ ನೀಲಿಯನ್ನೆಲ್ಲ ಬಿಚ್ಚುವ ಹಕ್ಕಿಯನ್ನು ಎಲ್ಲರೂ ಕಂಡಿದ್ದೀರಿ. ತೆಲುಗಿನಲ್ಲಿ ಪಾಲಪಿಟ್ಟ, ದಸರೆಯ ದಿನ ಅದರ ದರ್ಶನವಾದರೆ ಶುಭವೆಂದು ಇಲ್ಲಿಯ ಜನ ಹುಡುಕಿಕೊಂಡು ಹೋಗುತ್ತಾರೆ. ಕನ್ನಡದಲ್ಲಿ ನೀಲಕಂಠ. ತೆಲಂಗಾಣದ ರಾಜ್ಯಪಕ್ಷಿಯೂ ಅದೇ, ಕರ್ನಾಟಕದ ರಾಜ್ಯಪಕ್ಷಿಯೂ ಅದೇ. ನಾವು ದಸರೆಗೆ ಎಲೆ ಹಂಚಿಕೊಳ್ಳುವ ಬನ್ನಿ ತೆಲಂಗಾಣದ ರಾಜ್ಯವೃಕ್ಷ, ಅವರ ಜಮ್ಮಿ. ಅದೇ ಎಲೆಯನ್ನು ಬಂಗಾರವೆಂದು ಎರಡೂ ಭಾಷೆಯವರು ಹಿರಿಯರ ಕೈಯಲ್ಲಿಟ್ಟು ಕಾಲು ಮುಟ್ಟುತ್ತಾರೆ. ಎರಡು ಹೆಸರು ಬಲ್ಲ ಮಗುವಿಗೆ ಆ ಹಕ್ಕಿ ಎರಡು ಮನೆಯ ಅತಿಥಿ. ಇದು ನಮ್ಮ ಗಡಿಯ ಮಕ್ಕಳಿಗೆ ಮಾತ್ರ ಸಿಕ್ಕ ಸಂಪತ್ತು. ಆದರೆ ಎರಡನೆಯ ಹೆಸರನ್ನು ಹೇಳುವವರು ನೀವೇ.

ಎಲ್ಲಿಗೆ ಹೋಗುವುದು ಎಂದು ತಾಯಂದಿರು ಕೇಳುತ್ತಾರೆ. 'ನಮ್ಮೂರಾಗ ಏನದ ನೋಡಾಕ?' ಎನ್ನುತ್ತಾರೆ. ಹೈದರಾಬಾದು ದೊಡ್ಡದು, ನೋಡಬೇಕಾದ್ದೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಕುಳಿತ ಮಗು ಅದನ್ನು ಮರೆಯುವುದಿಲ್ಲ. ಆದರೆ ಅಲ್ಲಿಗೆ ಹೋಗಿಬರುವ ಖರ್ಚಿಗಾಗಿ ವರುಷಗಟ್ಟಲೆ ಕಾಯುತ್ತಾ ಹತ್ತಿರದ್ದನ್ನು ನೋಡದೆ ಬಿಡುವುದು ಬೇಡ.

ಕೃಷ್ಣಾ ಮಂಡಲದ ಮುಡುಮಾಲಿಗೆ ಎಷ್ಟು ಮನೆಯವರು ಮಕ್ಕಳನ್ನು ಕರೆದೊಯ್ದಿದ್ದೀರಿ? ಕೃಷ್ಣೆಯ ದಡದಿಂದ ದೂರವಲ್ಲದ ಹೊಲಗಳ ನಡುವೆ ಎರಡಾಳು ಎತ್ತರದ ನಿಲುಗಲ್ಲುಗಳು ಸುಮಾರು ಎಂಬತ್ತು ನಿಂತಿವೆ. ಸಣ್ಣ ಕಲ್ಲುಗಳ ಸಾಲುಗಳು ಬೇರೆ. ಮೂರು ಸಾವಿರ ವರುಷಗಳಿಗೂ ಹಿಂದಿನ ಬೃಹತ್ ಶಿಲಾಯುಗದ ಜನ ಇವನ್ನು ನೆಟ್ಟರೆಂದೂ, ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ತಿರುಗುವ ದಿನಗಳನ್ನು ಗುರುತಿಸಲು ಬಳಸಿದರೆಂದೂ ಸಂಶೋಧಕರು ಹೇಳುತ್ತಾರೆ. ಒಂದು ಕಲ್ಲಿನ ಮೇಲೆ ಕುಳಿ ಕೊರೆದು ಸಪ್ತರ್ಷಿಮಂಡಲವನ್ನು ಮೂಡಿಸಿದ್ದಾರೆ. 2025ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿತು. ನಸುಕಿನಲ್ಲಿ ಹೋಗಿ, ಕಲ್ಲಿನ ನೆರಳು ಎತ್ತ ಬೀಳುತ್ತದೆ ಎಂದು ಮಗು ಒಂದು ಕಡ್ಡಿಯಿಂದ ಗೆರೆ ಎಳೆಯಲಿ. ಒಂದು ತಾಸಿನ ನಂತರ ನೆರಳು ಎಷ್ಟು ಸರಿಯಿತು ಎಂದು ನೋಡಲಿ. ಭೂಮಿ ತಿರುಗುತ್ತದೆ ಎಂಬ ಪಾಠ ಅದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು?

ಅದೇ ಸೀಮೆಯ ಹೊಲಗಳಲ್ಲಿ ಚಿಗರಿಗಳ ಹಿಂಡನ್ನು ನೋಡಬಹುದು. ಕೃಷ್ಣಮೃಗ ಎಂದು ಪುಸ್ತಕದಲ್ಲಿ ಓದುವುದು ಇದನ್ನೇ. ಗಂಡಿನ ಮೈ ಕಪ್ಪು, ಕೊಂಬು ತಿರುಚಿದ ಹಗ್ಗದಂತೆ. ಮಕ್ಕಳು ಚಪ್ಪಾಳೆ ತಟ್ಟಿ ಸಂತೋಷಪಡುವಾಗ, ಹೊಲದ ಒಡೆಯ ಅವು ಮೇದ ಬೆಳೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪ್ರಾಣಿಸಂಗ್ರಹಾಲಯದಲ್ಲಿ ಈ ಎರಡನೆಯ ಪಾಠ ಸಿಗುವುದಿಲ್ಲ.

ಭೀಮೆ ಕೃಷ್ಣೆಯನ್ನು ಕೂಡುವ ತಂಗಡಿಯ ಸಂಗಮವಿದೆ. ಕೃಷ್ಣೆ ತೆಲಂಗಾಣವನ್ನು ಪ್ರವೇಶಿಸುವುದು ಅಲ್ಲಿಯೇ. ಮಹಾರಾಷ್ಟ್ರದಲ್ಲಿ ಹುಟ್ಟಿದ ಎರಡು ನದಿಗಳು ಕರ್ನಾಟಕವನ್ನು ಬೇರೆ ಬೇರೆ ದಾರಿಯಲ್ಲಿ ಹಾದು ನಮ್ಮ ಮನೆಯ ಬಾಗಿಲಲ್ಲಿ ಒಂದಾಗುವುದನ್ನು ನಕ್ಷೆಯೊಡನೆ ತೋರಿಸಿ. ಗದ್ವಾಲಕ್ಕೆ ಹೋದರೆ ಸೋಮನಾದ್ರಿ ಕಟ್ಟಿಸಿದ ಕೋಟೆಯಿದೆ, ಅದರೊಳಗೆ ಚೆನ್ನಕೇಶವನ ಗುಡಿಯಿದೆ. ಹತ್ತಿ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಜೋಡಿಸುವ ಮಗ್ಗಗಳಿವೆ. ನೇಕಾರರ ಮನೆಯ ಮಗುವಿಗೆ ಬೇರೆ ಊರಿನ ಮಗ್ಗವೂ ಒಂದು ಪ್ರೇಕ್ಷಣೀಯ ಸ್ಥಳವೇ. 1995ರಲ್ಲಿ ಕಾರ್ಯಾರಂಭ ಮಾಡಿದ ಜೂರಾಲ ಅಣೆಕಟ್ಟಿನಲ್ಲಿ ಮಳೆಗಾಲದಲ್ಲಿ ಬಾಗಿಲುಗಳನ್ನು ಎತ್ತಿದಾಗ ನೀರು ಹಾಲಾಗಿ ಧುಮುಕುವುದನ್ನು ನೋಡಲು ಜನ ನೆರೆಯುತ್ತಾರೆ. ಪಂಚದೇವ ಪಹಾಡದ ಕಡೆಯಿಂದ ಹೊಳೆ ದಾಟಿದರೆ ಕುರುವಾಪುರದ ನಡುಗಡ್ಡೆ. ಮಹಬೂಬನಗರದ ಅಪ್ಪನಪಲ್ಲಿಯ ಬಳಿ ಎರಡು ಸಾವಿರ ಎಕರೆಗೂ ಹೆಚ್ಚಿನ ಕಾಡಿನ ಉದ್ಯಾನವಾಗಿದೆ. ಮಕ್ತಲದ ಮೇಲಿಂದ ಕೃಷ್ಣಾ ನಿಲ್ದಾಣಕ್ಕೆ ಹೊಸ ರೈಲುದಾರಿ 2023ರ ಅಕ್ಟೋಬರಿನಲ್ಲಿ ತೆರೆದಿದೆ. ಕೃಷ್ಣೆಯ ಸೇತುವೆಯ ಮೇಲೆ ಹಾದು ರಾಯಚೂರಿಗೆ ಹೋಗಿ, ಕೋಟೆಯನ್ನೂ ಮಾವಿನಕೆರೆಯನ್ನೂ ನೋಡಿ ಬರಬಹುದು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಪಕ್ಕದಲ್ಲಿ ಮಕ್ಕಳನ್ನು ಸಾಲಾಗಿ ಕೈಚಾಚಿ ನಿಲ್ಲಿಸಿ, ಎಷ್ಟು ಮಕ್ಕಳ ಉದ್ದ ಎಂದು ಎಣಿಸಲು ಹೇಳಿ.

ಈ ಸ್ಥಳಗಳ ಪಟ್ಟಿಯಲ್ಲಿ ನೀರು ಮತ್ತೆ ಮತ್ತೆ ಬಂದಿತು. ಆದ್ದರಿಂದ ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಬಹಳ ವರುಷಗಳ ಹಿಂದೆ ಒಂದು ಮಳೆಗಾಲದ ಕೊನೆಯಲ್ಲಿ ನಾನೂ ನನ್ನ ತಂಗಿಯೂ ನಮ್ಮ ನಾಲ್ಕು ಮಕ್ಕಳೊಡನೆ ಕೃಷ್ಣೆಯ ದಂಡೆಗೆ ಹೋಗಿದ್ದೆವು. ಆಕಾಶ ನಿರ್ಮಲವಾಗಿತ್ತು. ಹೊಳೆ ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುತ್ತಿತ್ತು. ದಂಡೆಯಲ್ಲಿ ಕೂರುವುದರ ಬದಲು ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಅರ್ಧ ಊಟವಾಗುವಷ್ಟರಲ್ಲಿ ದಡದಿಂದ ಒಬ್ಬ ಅಂಬಿಗ ಕೂಗತೊಡಗಿದ. ನಾವು ಅವನು ಹರಿಗೋಲಿನ ಬಾಡಿಗೆಗೆ ಕರೆಯುತ್ತಿದ್ದಾನೆಂದುಕೊಂಡು ಕೈಯಾಡಿಸಿ ಸುಮ್ಮನಾದೆವು. 'ನೀಳ್ಳು ವಸ್ತುನ್ನಾಯಿ' ಎಂದು ಅವನು ತೆಲುಗಿನಲ್ಲಿ ಕೂಗುತ್ತಿದ್ದುದು ನನ್ನ ಏಳು ವರುಷದ ಮಗನಿಗೆ ಮೊದಲು ಕೇಳಿಸಿತು. 'ಅವ್ವಾ, ನೀರು ಬರ್ತಾವಂತ' ಎಂದ. ನೋಡಿದರೆ ನಾವು ದಾಟಿ ಬಂದಿದ್ದ ಕಲ್ಲುಗಳಲ್ಲಿ ಎರಡು ಆಗಲೇ ಕಾಣುತ್ತಿರಲಿಲ್ಲ. ಬುತ್ತಿಯನ್ನು ಅಲ್ಲಿಯೇ ಬಿಟ್ಟೆವು. ಅಂಬಿಗ ನೀರಿಗಿಳಿದು ಎದುರು ಬಂದ. ಮಕ್ಕಳನ್ನು ಒಬ್ಬೊಬ್ಬರಾಗಿ ಅವನ ಕೈಗೆ ದಾಟಿಸಿ ದಡ ಮುಟ್ಟುವ ಹೊತ್ತಿಗೆ ನಾವು ಕುಳಿತಿದ್ದ ಬಂಡೆಯ ಮೇಲೆ ನೀರು ಆಡುತ್ತಿತ್ತು.

ನಮ್ಮೂರಿನಲ್ಲಿ ಮಳೆಯಿಲ್ಲದಿದ್ದರೂ, ಮೇಲೆ ಆಲಮಟ್ಟಿಯಿಂದ, ನಾರಾಯಣಪುರದಿಂದ ನೀರು ಬಿಟ್ಟರೆ ನಮ್ಮ ಹೊಳೆ ಏರುತ್ತದೆ. ಇದು ನನಗೆ ತಿಳಿಯದ ವಿಷಯವಲ್ಲ, ತರಗತಿಯಲ್ಲಿ ಪಾಠ ಮಾಡಿದ್ದೇ. ತಿಳಿದದ್ದನ್ನು ವಿಹಾರದ ದಿನ ಮರೆತಿದ್ದೆ. ತಾಯಂದಿರೆ, ತಂದೆಯರೆ, ಹೊಳೆಯನ್ನು ದಂಡೆಯಿಂದ ನೋಡಿ. ಬಂಡೆಯ ಮೇಲೆ ಹೋಗಬೇಡಿ. ಈಜು ಬಲ್ಲವರೆಂಬ ಧೈರ್ಯಕ್ಕೆ ಮಕ್ಕಳನ್ನು ಇಳಿಸಬೇಡಿ. ಹರಿಗೋಲಿಗೆ, ದೋಣಿಗೆ ಹತ್ತುವ ಮೊದಲು ಜೀವರಕ್ಷಕ ಅಂಗಿ ಕೇಳಿ, ಇಲ್ಲವೆಂದರೆ ಹತ್ತಬೇಡಿ. ಅಣೆಕಟ್ಟಿನ ಕೆಳಗೆ ಸೈರನ್ ಕೇಳಿದರೆ ಒಡನೆ ಮೇಲೆ ಬನ್ನಿ. ಮಕ್ಕಳ ಪಟ ತೆಗೆಯುವ ಆತುರದಲ್ಲಿ ಹಿಂದಕ್ಕೆ ಸರಿಯಲು ಹೇಳಬೇಡಿ. ಬೇಸಿಗೆಯಲ್ಲಿ ಹತ್ತು ಗಂಟೆಯ ಒಳಗೆ ನೆರಳಿಗೆ ಬನ್ನಿ. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತು. ನೀರು, ಮಜ್ಜಿಗೆ ಮನೆಯಿಂದ ಒಯ್ಯಿರಿ. ಬುತ್ತಿಯ ಎಲೆ ಕಾಗದಗಳನ್ನು ಹೋದ ಚೀಲದಲ್ಲಿಯೇ ಮರಳಿ ತನ್ನಿ. ಆಮೇಲೆ ಆ ಅಂಬಿಗನಂಥ ಸ್ಥಳದ ಜನ ಏನಾದರೂ ಹೇಳಿದರೆ, ಯಾವ ಭಾಷೆಯಲ್ಲಿ ಹೇಳಿದರೂ, ನಿಂತು ಕೇಳಿ. ಅಂದು ನಮ್ಮನ್ನು ಉಳಿಸಿದ್ದು ಮಗುವಿಗೆ ಬಂದ ಎರಡನೆಯ ಭಾಷೆ.

ಈಗ ಆ ಮೂರು ವಾಕ್ಯದ ಹಾಳೆಗೆ ಬರುತ್ತೇನೆ.

ಗುರುಗಳನ್ನು ಕೇಳಿ, ಆ ಮಗುವಿನ ಮನೆಗೆ ಹೋದೆ. ಹೆಸರು ಹೇಳುವುದಿಲ್ಲ. ಹುಡುಗಿ ಅಜ್ಜಿಯ ಜೊತೆ ಇದ್ದಾಳೆ. ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಇದು ನಮ್ಮಲ್ಲಿ ಹೊಸತೇನೂ ಅಲ್ಲ. ಪಾಲಮೂರಿನ ಕೂಲಿಗಳೆಂದರೆ ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟುವವರೆಂದು ದೇಶಕ್ಕೆಲ್ಲ ಗೊತ್ತು. ಮುಂಬಯಿ ಪುಣೆಗಳ ಉದ್ಯಾನಗಳಿಗೆ ಕಲ್ಲು ಹಾಸಿದವರಲ್ಲಿ ನಮ್ಮವರಿದ್ದಾರೆ. ಆ ಕಲ್ಲಿನ ಮೇಲೆ ಓಡಾಡುವ ಭಾಗ್ಯ ಅವರ ಮಕ್ಕಳಿಗೆ ಬರಲಿಲ್ಲ. ಈ ಮಾತು ಹೇಳುವಾಗ ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ಸುಮ್ಮನಿರಲೂ ಆಗುವುದಿಲ್ಲ.

ಅಜ್ಜಿ ಹೊಲಕ್ಕೆ ಹೊರಟಿದ್ದಳು. ಹುಡುಗಿಯ ಜೊತೆ ನಾನೂ ಹೋದೆ. ದಾರಿಯಲ್ಲಿ ಅವಳು ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಗೀಜಗದ ಗೂಡುಗಳನ್ನು ತೋರಿಸಿದಳು. ಅರ್ಧ ನೇಯ್ದ ಗೂಡು ಯಾವುದು, ಪೂರ್ತಿ ಆದದ್ದು ಯಾವುದು, ಬಿಟ್ಟುಹೋದದ್ದು ಯಾವುದು ಎಂದು ಹೇಳಿದಳು. ನೇಯುವುದು ಗಂಡುಹಕ್ಕಿ, ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ ಎಂಬುದನ್ನು ಅವಳು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಕಲ್ಲುನೆಲದಲ್ಲಿ ಟಿಟ್ಟಿಭ ಇಟ್ಟ ಮೊಟ್ಟೆಗಳ ಹತ್ತಿರ ನನ್ನನ್ನು ನಿಲ್ಲಿಸಿ, 'ಕಾಲು ನೋಡಿ ಇಡ್ರಿ ಟೀಚರ್, ಕಲ್ಲಿನಂಗೇ ಕಾಣ್ತಾವ' ಎಂದಳು. ಗುಡ್ಡದ ಸೀತಾಫಲ ಯಾವಾಗ ಕಣ್ಣು ಬಿಡುತ್ತದೆ, ಯಾವ ಬೋರೆಯ ಮರದ ಹಣ್ಣು ಸಿಹಿ ಎಂಬುದೆಲ್ಲ ಅವಳಿಗೆ ಗೊತ್ತು.

'ಇಷ್ಟೆಲ್ಲ ಗೊತ್ತದ, ಇದನ್ನೇ ಯಾಕ ಬರೀಲಿಲ್ಲವ್ವಾ?' ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿ, 'ಇದು ಸ್ಥಳ ಅಲ್ರಿ ಟೀಚರ್. ಇದು ನಮ್ಮ ಹೊಲ' ಎಂದಳು.

ಸಭಿಕರೆ, ಇಪ್ಪತ್ತೆರಡು ವರುಷ ಪಾಠ ಹೇಳಿದ ನನಗೆ ಆ ಮಾತು ತರಗತಿಯ ಕೊನೆಯ ಬೆಂಚಿನಲ್ಲಿ ನಿಲ್ಲಿಸಿದಂತೆ ಆಯಿತು. ಟಿಕೀಟು ಕೊಂಡು ಒಳಗೆ ಹೋಗುವುದು ಮಾತ್ರ ಸ್ಥಳವೆಂದು ಅವಳಿಗೆ ಕಲಿಸಿದವರು ಯಾರು? ಪ್ರಬಂಧದ ಶೀರ್ಷಿಕೆ ಕೊಟ್ಟ ನಾವೇ. ಪ್ರವಾಸವೆಂದರೆ ಬಸ್ಸು, ಉದ್ಯಾನವೆಂದರೆ ಕಾರಂಜಿ ಎಂದು ಬರೆಸಿದ ನಾವೇ.

ಆದರೆ ಇಷ್ಟಕ್ಕೇ ನಿಲ್ಲಿಸಿ, 'ನಿನ್ನ ಹೊಲವೇ ಉದ್ಯಾನವಮ್ಮ, ಇನ್ನೆಲ್ಲಿಗೂ ಹೋಗಬೇಕಾಗಿಲ್ಲ' ಎಂದು ಆ ಮಗುವಿಗೆ ಹೇಳಿದರೆ ಅದು ವಂಚನೆಯಾಗುತ್ತದೆ. ಹೊಲಕ್ಕೆ ಅವಳು ವಿಹಾರಕ್ಕೆಂದು ಹೋಗುವವಳಲ್ಲ, ಅಜ್ಜಿಗೆ ನೆರವಾಗಲು ಹೋಗುವವಳು. ಅವಳಿಗೆ ಸಿಂಹವನ್ನು ನೋಡಬೇಕಾಗಿದೆ. ಪುಟಾಣಿ ರೈಲು ಹತ್ತಬೇಕಾಗಿದೆ. ಎಲ್ಲಕ್ಕಿಂತ ಮೊದಲು ಅಪ್ಪ ಅವ್ವನ ನಡುವೆ ನಡೆದು ಎರಡೂ ಕೈ ಹಿಡಿದು ಜೋಲಬೇಕಾಗಿದೆ. ಈ ಆಸೆಯಲ್ಲಿ ತಪ್ಪೇನಿದೆ? ಬಡವರ ಮಕ್ಕಳಿಗೆ ನಿಸರ್ಗ, ಉಳ್ಳವರ ಮಕ್ಕಳಿಗೆ ಉದ್ಯಾನ ಎಂದು ಹಂಚುವ ಹಕ್ಕು ನಮಗಿಲ್ಲ. ಎರಡೂ ಎಲ್ಲ ಮಕ್ಕಳಿಗೂ ಬೇಕು.

ಆದ್ದರಿಂದ ಈ ಶತಮಾನೋತ್ಸವದ ಸಂದರ್ಭದಲ್ಲಿ ಮೂರು ಬಿನ್ನಹಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ತಾಯಿತಂದೆಯರಿಗೆ. ತಿಂಗಳಿಗೆ ಒಂದು ಅರ್ಧ ದಿನ ಮಕ್ಕಳಿಗೆ ಕೊಡಿ. ದೂರ ಹೋಗಬೇಕೆಂದಿಲ್ಲ, ಕೆರೆಯ ಏರಿಯಾದರೂ ಆಗಲಿ, ಪಂಚಾಯಿತಿಯವರು ಮಾಡಿರುವ ಪಲ್ಲೆ ಪ್ರಕೃತಿ ವನವಾದರೂ ಆಗಲಿ. ನೀರು ಹಾಕುವವರಿದ್ದ ಕಡೆ ಆ ವನಗಳು ನೆರಳಾಗಿವೆ, ಇಲ್ಲದ ಕಡೆ ಒಣಗಿವೆ. ನಿಮ್ಮ ಮಗು ಅಲ್ಲಿ ಒಂದು ಗಿಡಕ್ಕೆ ನೀರು ಹಾಕಲಿ. ಆ ಅರ್ಧ ದಿನ ಫೋನು ಚೀಲದಲ್ಲಿರಲಿ. ಮಗುವಿನೊಡನೆ ಮನೆಯ ಮಾತಿನಲ್ಲಿ ಮಾತನಾಡಿ, ನಿಮ್ಮ ಬಾಲ್ಯವನ್ನು ಹೇಳಿ. ದೂರದ ಊರುಗಳಲ್ಲಿ ದುಡಿಯುತ್ತಿರುವವರು ಹಬ್ಬಕ್ಕೆ ಬಂದಾಗ, ಇದ್ದ ನಾಲ್ಕು ದಿನಗಳಲ್ಲಿ ಒಂದು ದಿನವನ್ನು ಮದುವೆ ಮುಂಜಿಗಳಿಂದ, ಸಾಲದ ಲೆಕ್ಕಾಚಾರಗಳಿಂದ ತೆಗೆದಿಟ್ಟು ಮಕ್ಕಳಿಗೆ ಮೀಸಲಿಡಿ. ನಿಮ್ಮ ಕಷ್ಟ ನನಗೆ ತಿಳಿಯುತ್ತದೆ. ಮಗ್ಗ ನಿಲ್ಲಿಸಿದ ಅಪ್ಪನ ಮಗಳು ನಾನು.

ಎರಡನೆಯದು ಗುರುಗಳಿಗೆ. ಪ್ರವಾಸದ ದಿನ ಮಕ್ಕಳನ್ನು ಎಣಿಸಿ ಬಸ್ಸಿಗೆ ಹತ್ತಿಸುವುದೇ ದೊಡ್ಡ ಕೆಲಸ, ನಾನು ಬಲ್ಲೆ. ಆದರೂ ನಮ್ಮ ಮಾಸ್ತರರ ಹಾಳೆ ಪೆನ್ಸಿಲುಗಳನ್ನು ಮರೆಯಬೇಡಿ. ಕಂಡದ್ದರ ಹೆಸರು ಕನ್ನಡದಲ್ಲಿ, ತೆಲುಗಿನಲ್ಲಿ ಎರಡರಲ್ಲೂ ಬರೆಸಿ. ಮುಂದಿನ ಪ್ರಬಂಧ ಸ್ಪರ್ಧೆಗೆ 'ನಮ್ಮ ಹೊಲ, ನಮ್ಮ ಓಣಿ, ನಮ್ಮ ಕೆರೆ' ಎಂಬ ಶೀರ್ಷಿಕೆಯೂ ಇರಲಿ.

ಮೂರನೆಯದು ಹೈದರಾಬಾದು, ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ. ಶಾಲೆಗೆ ಗಡಿಯಾರ, ಬೀರು, ಕುರ್ಚಿಗಳನ್ನು ಕೊಡುಗೆಯಾಗಿ ಕೊಟ್ಟಿದ್ದೀರಿ, ಶಾಲೆ ಕೃತಜ್ಞವಾಗಿದೆ. ಇನ್ನು ಮುಂದೆ ವರುಷಕ್ಕೊಮ್ಮೆ ಒಂದು ಹಗಲನ್ನು ಕೊಡಿ. ಅಪ್ಪ ಅವ್ವ ಊರಲ್ಲಿ ಇಲ್ಲದ ಮಕ್ಕಳನ್ನು, ಅವರ ಅಜ್ಜ ಅಜ್ಜಿಯರ ಸಹಿತ, ನಿಮ್ಮ ಊರಿನ ಪ್ರಾಣಿಸಂಗ್ರಹಾಲಯಕ್ಕೋ ಉದ್ಯಾನಕ್ಕೋ ಬರಮಾಡಿಕೊಳ್ಳಿ. ಗುರುಗಳು ಜೊತೆಗಿರುತ್ತಾರೆ. ಬಸ್ಸಿನ ವೆಚ್ಚವನ್ನು ಹತ್ತು ಜನ ಹಂಚಿಕೊಳ್ಳಬಹುದು. ಮೊದಲನೆಯ ವರುಷದ ಬಸ್ಸಿನ ವೆಚ್ಚವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಈಗಾಗಲೇ ತಿಳಿಸಿದ್ದೇನೆ.

ಆ ಹುಡುಗಿಯ ಹಾಳೆಯನ್ನು ನಾನು ಅಂಕ ಹಾಕದೆ ಮರಳಿಸಿದೆ. ಕೆಳಗೆ ಒಂದು ಸಾಲು ಬರೆದೆ: ನಿನ್ನ ಹೊಲದ ಬಗೆಗೆ ಬರೆದು ಕೊಡು, ಕಾಯುತ್ತೇನೆ. ಮೊನ್ನೆ ನಾಲ್ಕು ಪುಟ ಬರೆದು ಕಳುಹಿಸಿದ್ದಾಳೆ. ಗೀಜಗದ ಗೂಡಿನ ಚಿತ್ರವೂ ಇದೆ. ಕೊನೆಯ ಸಾಲಿನಲ್ಲಿ, ಅಪ್ಪ ಅವ್ವ ಎಳ್ಳ ಅಮಾವಾಸ್ಯೆಗೆ ಬರುತ್ತಾರೆ, ಅವರಿಗೆ ಈ ಗೂಡುಗಳನ್ನು ನಾನು ತೋರಿಸುತ್ತೇನೆ ಎಂದು ಬರೆದಿದ್ದಾಳೆ. ಅವಳು ಅನುಮತಿ ಕೊಟ್ಟರೆ ಆ ಬರಹವನ್ನು ಈ ಸಂಚಿಕೆಯಲ್ಲಿಯೇ ಅಚ್ಚು ಮಾಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ಮಾತು ಸಾಕು. ಅಂಗಳದ ಬೇವಿನ ಮರದ ಕೆಳಗೆ ಊಟ ಸಿದ್ಧವಾಗಿದೆಯಂತೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿರಿ.